1989ರಲ್ಲಿ ಬರ್ಲಿನ್ ಗೋಡೆ ಬಿದ್ದಿದ್ದು ಬಿಟ್ಟು ಜಗತ್ತಿನಲ್ಲಿ ಇನ್ನೇನಾಯಿತು?

ನೀವು ಕೇಳಿರುವುದು ಎರಡು ಪ್ರಶ್ನೆ. 1989 ಅಂದ ಕೂಡಲೇ ಎಲ್ಲರೂ ಬರ್ಲಿನ್ ಗೋಡೆ ಅಂತಾರೆ, ಅದು ಬಿಟ್ಟು ಬೇರೇನಾಯಿತು ಅನ್ನುವುದು ಒಂದು. ಕೆಲವು ದೇಶಗಳಲ್ಲಿ ಒಂದು ಗುಂಡೂ ಹಾರದೆ ಸರ್ಕಾರಗಳು ಬಿದ್ದವು, ಕೆಲವು ಕಡೆ ರಕ್ತ ಹರಿಯಿತು, ಹೀಗೇಕೆ ಅನ್ನುವುದು ಇನ್ನೊಂದು. ಬಿಎ ಸೆಮಿನಾರ್‌ಗೆ ಬೇಕು ಅಂತಲೂ ಬರೆದಿದ್ದೀರಿ.

ಎರಡನೆಯದಕ್ಕೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಜನ ಎಷ್ಟೋ ದೇಶಗಳಲ್ಲಿ ಬೀದಿಗೆ ಬಂದರು. ಆದರೆ ಆಮೇಲೆ ಏನಾಯಿತು ಅನ್ನುವುದು ಎದುರಿಗೆ ಬಂದೂಕು ಹಿಡಿದು ನಿಂತವರು ಮತ್ತು ಅವರಿಗೆ ಆರ್ಡರ್ ಕೊಡಬೇಕಾದವರು ಏನು ಮಾಡಿದರು ಅನ್ನುವುದರ ಮೇಲೆ ನಿಂತಿತ್ತು. ಪಠ್ಯಪುಸ್ತಕಗಳಲ್ಲಿ "ಜನಶಕ್ತಿಯ ಗೆಲುವು" ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಅದರಿಂದ ಸೋತವರಿಗೆ ಅನ್ಯಾಯವಾಗುತ್ತದೆ. ಬೀಜಿಂಗ್‌ನಲ್ಲಿ ನಿಂತವರ ಧೈರ್ಯ ಲೈಪ್‌ಜಿಗ್‌ನಲ್ಲಿ ನಿಂತವರಿಗಿಂತ ಒಂದು ಗುಂಜಿಯೂ ಕಡಿಮೆ ಇರಲಿಲ್ಲ.

ವರ್ಷದ ಆರಂಭಕ್ಕೆ ಹೋಗೋಣ. ಜನವರಿ 7ಕ್ಕೆ ಜಪಾನಿನ ಚಕ್ರವರ್ತಿ ಹಿರೋಹಿಟೊ ತೀರಿಕೊಂಡರು. ಎರಡನೇ ಮಹಾಯುದ್ಧದ ಕಾಲದಿಂದ ಗದ್ದುಗೆಯಲ್ಲಿದ್ದ ಕೊನೆಯ ದೊಡ್ಡ ಹೆಸರು ಅದು. ಫೆಬ್ರವರಿ 15ಕ್ಕೆ ಸೋವಿಯತ್ ಜನರಲ್ ಬೋರಿಸ್ ಗ್ರೊಮೊವ್ ಅಮು ದರ್ಯಾ ನದಿಯ ಸೇತುವೆ ದಾಟಿ ಅಫ್ಘಾನಿಸ್ತಾನದಿಂದ ಹೊರಬಂದರು. ಒಂಬತ್ತು ವರ್ಷಕ್ಕೂ ಹೆಚ್ಚು ನಡೆದ ಯುದ್ಧದಲ್ಲಿ ಸುಮಾರು 15,000 ಸೋವಿಯತ್ ಸೈನಿಕರು ಸತ್ತಿದ್ದರು. ಸತ್ತ ಅಫ್ಘನ್ನರು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆ ಸೇತುವೆಯ ದೃಶ್ಯವನ್ನು ಪೂರ್ವ ಯುರೋಪಿನವರು ಬಹಳ ಗಮನ ಕೊಟ್ಟು ನೋಡಿದರು. ಯಾಕೆಂದರೆ ಅವರ ಬದುಕೆಲ್ಲ ಒಂದೇ ಭಯದ ಮೇಲೆ ನಿಂತಿತ್ತು: ನಾವೇನಾದರೂ ತಲೆ ಎತ್ತಿದರೆ ಸೋವಿಯತ್ ಟ್ಯಾಂಕ್ ಬರುತ್ತದೆ. 1953ರಲ್ಲಿ ಪೂರ್ವ ಜರ್ಮನಿಗೆ ಬಂದಿತ್ತು, 1956ರಲ್ಲಿ ಹಂಗೇರಿಗೆ, 1968ರಲ್ಲಿ ಚೆಕೊಸ್ಲೊವಾಕಿಯಾಕ್ಕೆ.

ಸೋವಿಯತ್ ನಾಯಕ ಗೋರ್ಬಚೆವ್ ಈ ಭಯದ ಬುಡವನ್ನೇ ಸಡಿಲ ಮಾಡಿದರು. 1988ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು 5 ಲಕ್ಷ ಸೈನಿಕರನ್ನು ಕಡಿಮೆ ಮಾಡುತ್ತೇವೆ, ಪ್ರತಿ ದೇಶವೂ ತನ್ನ ದಾರಿ ತಾನೇ ಆರಿಸಿಕೊಳ್ಳಲಿ ಅಂದರು. ಆದರೆ ಅವರನ್ನು ಸುಮ್ನೆ ದೇವರ ಪಟ ಮಾಡುವುದೂ ಬೇಡ. 1989ರ ಏಪ್ರಿಲ್ 9ರಂದು ಜಾರ್ಜಿಯಾದ ಟಿಬಿಲಿಸಿಯಲ್ಲಿ ಪ್ರತಿಭಟನೆಗೆ ಕೂತಿದ್ದ ಜನರ ಮೇಲೆ ಸೋವಿಯತ್ ಸೈನ್ಯವೇ ಬಿತ್ತು. ಇಪ್ಪತ್ತರಷ್ಟು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಆ ಘಟನೆ ಮಾಸ್ಕೋದಲ್ಲೇ ದೊಡ್ಡ ಗಲಾಟೆ ಎಬ್ಬಿಸಿತು. ಮಾರ್ಚ್‌ನಲ್ಲಷ್ಟೇ ನಡೆದ ಚುನಾವಣೆಯಲ್ಲಿ ಗೆದ್ದು ಬಂದ ಸಖರೋವ್, ಯೆಲ್ಟ್ಸಿನ್‌ರಂಥವರು ಈಗ ಹೊಸ ಸಂಸತ್ತಿನಲ್ಲಿದ್ದರು. ಅಲ್ಲಿ ಟಿಬಿಲಿಸಿಯ ಬಗ್ಗೆ ಎದ್ದ ಪ್ರಶ್ನೆಗಳು ಟಿವಿಯಲ್ಲಿ ನೇರವಾಗಿ ಪ್ರಸಾರವಾದವು. ಇಡೀ ದೇಶ ನೋಡಿತು.

ಈಗ ಜೂನ್ 4. ಆ ವರ್ಷವನ್ನು ಒಂದೇ ದಿನದಲ್ಲಿ ತೋರಿಸಿ ಅಂದರೆ ನಾನು ಗೋಡೆ ಬಿದ್ದ ನವೆಂಬರ್ 9ನ್ನು ಆರಿಸುವುದಿಲ್ಲ, ಈ ಭಾನುವಾರವನ್ನು ಆರಿಸುತ್ತೇನೆ.

ಆ ದಿನ ಪೋಲೆಂಡ್‌ನಲ್ಲಿ ಮತದಾನ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸರ್ಕಾರ ಮತ್ತು ನಿಷೇಧಕ್ಕೊಳಗಾಗಿದ್ದ ಸಾಲಿಡಾರಿಟಿ ಕಾರ್ಮಿಕ ಸಂಘಟನೆ ದುಂಡು ಮೇಜಿನ ಸುತ್ತ ಕೂತು ಒಂದು ಒಪ್ಪಂದಕ್ಕೆ ಬಂದಿದ್ದವು. ಕೆಳಮನೆಯ 460 ಸೀಟುಗಳಲ್ಲಿ 161 ಮಾತ್ರ ಮುಕ್ತ ಸ್ಪರ್ಧೆಗೆ. ಉಳಿದದ್ದು ಕಮ್ಯುನಿಸ್ಟರಿಗೆ ಮತ್ತು ಅವರ ಮಿತ್ರರಿಗೆ ಮೊದಲೇ ಮೀಸಲು. ಮೇಲ್ಮನೆಯ 100 ಸೀಟು ಪೂರ್ತಿ ಮುಕ್ತ. ಅಲ್ಲಿನ ಮತ ಹಾಕುವ ಕ್ರಮ ಗೊತ್ತಿದ್ದರೆ ಫಲಿತಾಂಶದ ರುಚಿ ಗೊತ್ತಾಗುತ್ತದೆ. ಬೇಕಾದವರಿಗೆ ಗುರುತು ಹಾಕುವುದಲ್ಲ, ಬೇಡವಾದವರ ಹೆಸರಿನ ಮೇಲೆ ಗೆರೆ ಎಳೆಯುವುದು. ಪಕ್ಷದ ಘಟಾನುಘಟಿಗಳು 35 ಜನರನ್ನು ಒಂದು "ರಾಷ್ಟ್ರೀಯ ಪಟ್ಟಿ"ಯಲ್ಲಿ ಹಾಕಿದ್ದರು. ಅವರಿಗೆ ಎದುರಾಳಿಯೇ ಇರಲಿಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಸಾಕು. ಜನ ಪೆನ್ನು ತೆಗೆದುಕೊಂಡು ಒಂದೊಂದೇ ಹೆಸರು ಹೊಡೆದುಹಾಕಿದರು. 35ರಲ್ಲಿ 33 ಜನ ಎದುರಾಳಿ ಇಲ್ಲದೆಯೇ ಸೋತರು! ಎರಡನೇ ಸುತ್ತು ಮುಗಿಯುವ ಹೊತ್ತಿಗೆ ಸಾಲಿಡಾರಿಟಿ 161ಕ್ಕೆ 161, ಮೇಲ್ಮನೆಯಲ್ಲಿ 100ಕ್ಕೆ 99 ಗೆದ್ದಿತ್ತು.

ನನಗೆ ಇದರಲ್ಲಿ ಇನ್ನೂ ದೊಡ್ಡದಾಗಿ ಕಾಣುವುದು ಆಮೇಲಿನ ಮಾತು. 1981ರಲ್ಲಿ ಮಿಲಿಟರಿ ಕಾನೂನು ಹೇರಿ ಸಾವಿರಾರು ಜನರನ್ನು ಒಳಗೆ ಹಾಕಿದ್ದ ಜನರಲ್ ಯಾರುಜೆಲ್ಸ್ಕಿಯೇ ಆಗಲೂ ಅಧಿಕಾರದಲ್ಲಿದ್ದರು. ಸೈನ್ಯ ಅವರ ಕೈಯಲ್ಲಿತ್ತು. ಫಲಿತಾಂಶವನ್ನು ರದ್ದು ಮಾಡಬಹುದಿತ್ತು. ಮಾಡಲಿಲ್ಲ. 1981ರಲ್ಲಿ ಹಾಗೆ ಬಂಧನಕ್ಕೊಳಗಾಗಿದ್ದ ಪತ್ರಕರ್ತ ತಾದೆಉಷ್ ಮಜೊವಿಯೆಟ್ಸ್ಕಿ ಆಗಸ್ಟ್ 24ರಂದು ಪ್ರಧಾನಿಯಾದರು. ಸೋವಿಯತ್ ಕೂಟದ ದೇಶವೊಂದಕ್ಕೆ ದಶಕಗಳ ನಂತರ ಸಿಕ್ಕ ಮೊದಲ ಕಮ್ಯುನಿಸ್ಟೇತರ ಪ್ರಧಾನಿ.

ಅದೇ ಜೂನ್ 4ರ ನಸುಕಿನಲ್ಲಿ ಬೀಜಿಂಗ್‌ನಲ್ಲಿ ಟ್ಯಾಂಕುಗಳು ತಿಯಾನನ್ಮೆನ್ ಚೌಕ ಸೇರಿದ್ದವು. ಏಪ್ರಿಲ್ 15ಕ್ಕೆ ಸುಧಾರಣೆಯ ಪರ ಇದ್ದ ನಾಯಕ ಹು ಯಾವೊಬಾಂಗ್ ತೀರಿಕೊಂಡಾಗ ಶೋಕಕ್ಕೆ ಅಂತ ಬಂದ ವಿದ್ಯಾರ್ಥಿಗಳು ವಾಪಸ್ ಹೋಗಲಿಲ್ಲ. ಮೇ ತಿಂಗಳಲ್ಲಿ ಉಪವಾಸ ಕೂತರು. ಅದೇ ಸಮಯಕ್ಕೆ ಗೋರ್ಬಚೆವ್ ಭೇಟಿಗೆ ಬಂದಿದ್ದರಿಂದ ಜಗತ್ತಿನ ಕ್ಯಾಮೆರಾಗಳೆಲ್ಲ ಅಲ್ಲೇ ಇದ್ದವು. ಮೇ 19ರ ಬೆಳಗಿನ ಜಾವ ಪಕ್ಷದ ಪ್ರಧಾನ ಕಾರ್ಯದರ್ಶಿ ಝಾವೊ ಝಿಯಾಂಗ್ ಚೌಕಕ್ಕೆ ಬಂದು, ಕೈಯಲ್ಲಿ ಧ್ವನಿವರ್ಧಕ ಹಿಡಿದು, ನಾವು ಬಂದದ್ದು ತಡವಾಯಿತು ಅಂದರು. ಅವರು ಸಾರ್ವಜನಿಕವಾಗಿ ಕಾಣಿಸಿಕೊಂಡಿದ್ದು ಅದೇ ಕೊನೆ. 2005ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲೇ ಇದ್ದರು.

ಸೆಮಿನಾರ್‌ನಲ್ಲಿ ಒಂದು ವಿಷಯ ಸರಿಯಾಗಿ ಹೇಳಿ. ಹೆಚ್ಚಿನ ಜನ ಸತ್ತಿದ್ದು ಚೌಕದ ಒಳಗಲ್ಲ, ಚೌಕಕ್ಕೆ ಬರುವ ದಾರಿಗಳಲ್ಲಿ. ಪಶ್ಚಿಮದ ಮುಶೀದಿ ಅನ್ನುವ ಕಡೆ, ಸೈನ್ಯ ಮುಂದಕ್ಕೆ ಹೋಗದಂತೆ ಅಡ್ಡ ನಿಂತ ಊರಿನ ಸಾಮಾನ್ಯ ಜನ, ಕಾರ್ಮಿಕರು ಗುಂಡಿಗೆ ಬಿದ್ದರು. ಎಷ್ಟು ಜನ ಅನ್ನುವ ಲೆಕ್ಕ ಇವತ್ತಿಗೂ ಒಂದಿಲ್ಲ. ನೂರಾರು ಅನ್ನುವವರಿದ್ದಾರೆ, ಸಾವಿರ ದಾಟಿತು ಅನ್ನುವವರಿದ್ದಾರೆ. ಮರುದಿನ ಟ್ಯಾಂಕ್ ಸಾಲಿನ ಮುಂದೆ ಕೈಚೀಲ ಹಿಡಿದು ನಿಂತ ಆ ಬಿಳಿ ಶರ್ಟಿನ ಮನುಷ್ಯನ ಫೋಟೋ ನೀವು ನೋಡಿಯೇ ಇರುತ್ತೀರಿ. ಆದರೆ ಇನ್ನೊಬ್ಬರ ಹೆಸರೂ ನೆನಪಿಟ್ಟುಕೊಳ್ಳಿ: ಮೇಜರ್ ಜನರಲ್ ಷು ಚಿನ್‌ಶಿಯಾನ್. 38ನೇ ಸೇನಾದಳದ ಮುಖ್ಯಸ್ಥ. ಜನರ ಮೇಲೆ ಸೈನ್ಯ ನುಗ್ಗಿಸುವ ಆರ್ಡರ್ ಪಾಲಿಸಲು ಒಪ್ಪಲಿಲ್ಲ. ಅವರನ್ನು ಹುದ್ದೆಯಿಂದ ಕಿತ್ತುಹಾಕಿ ಜೈಲಿಗೆ ಕಳಿಸಿದರು. ಅವರ ದಳವನ್ನು ಬೇರೆಯವರು ಮುನ್ನಡೆಸಿದರು. ಒಬ್ಬ ಇಲ್ಲ ಅಂದ ಮಾತ್ರಕ್ಕೆ ಬೀಜಿಂಗ್‌ನಲ್ಲಿ ಏನೂ ನಿಲ್ಲಲಿಲ್ಲ, ಯಾಕೆಂದರೆ ಮೇಲೆ ಕೂತ ದೆಂಗ್ ಶಿಯಾವೊಪಿಂಗ್ ಮನಸ್ಸು ಗಟ್ಟಿ ಮಾಡಿಯಾಗಿತ್ತು.

ಆಗ ನಾನು ಪಿಯುಸಿ ಓದುತ್ತಿದ್ದೆ. ನಮಗೆ ಸುದ್ದಿ ಅಂದರೆ ಆಕಾಶವಾಣಿ, ದೂರದರ್ಶನ, ಮರುದಿನದ ಪೇಪರ್. ಬೀಜಿಂಗ್ ಮುಖಪುಟದಲ್ಲಿ ಬಂತು, ಪೋಲೆಂಡ್ ಒಳಪುಟದಲ್ಲಿ ಚಿಕ್ಕದಾಗಿ. ಎರಡೂ ಒಂದೇ ದಿನದ್ದು ಅನ್ನುವುದು ನನ್ನ ಕಣ್ಣಿಗೆ ಬಿದ್ದಿದ್ದು ಎಷ್ಟೋ ವರ್ಷಗಳ ನಂತರ.

ಹಂಗೇರಿಯ ಕಥೆ ಒಂದು ತುಕ್ಕು ಹಿಡಿದ ಬೇಲಿಯದ್ದು. ಆಸ್ಟ್ರಿಯಾ ಗಡಿಯ ವಿದ್ಯುತ್ ಎಚ್ಚರಿಕೆಯ ಬೇಲಿ ಹಾಳಾಗಿತ್ತು. ಮೊಲ, ಹಕ್ಕಿ ತಾಗಿದರೂ ಗಂಟೆ ಹೊಡೆದುಕೊಳ್ಳುತ್ತಿತ್ತು. ರಿಪೇರಿ ಮಾಡಿಸಲು ಬೇಕಾದ ತಂತಿಯನ್ನು ಡಾಲರ್ ಕೊಟ್ಟು ಪಶ್ಚಿಮದಿಂದಲೇ ತರಿಸಬೇಕಿತ್ತು. ಪ್ರಧಾನಿ ಮಿಕ್ಲೋಷ್ ನೇಮೆತ್ ಅದಕ್ಕೆ ದುಡ್ಡು ಕೊಡಲಿಲ್ಲ. ಮಾರ್ಚ್‌ನಲ್ಲಿ ಮಾಸ್ಕೋಗೆ ಹೋಗಿ ಗೋರ್ಬಚೆವ್‌ಗೆ ವಿಷಯ ತಿಳಿಸಿದರು, ಅವರು ತಡೆಯಲಿಲ್ಲ. ಮೇ 2ಕ್ಕೆ ಬೇಲಿ ಕೀಳಲು ಶುರುವಾಯಿತು. ಪೂರ್ವ ಜರ್ಮನ್ನರು ರಜೆಗೆ ಹಂಗೇರಿಗೆ ಬರುವುದು ಮಾಮೂಲಿ. ಆ ಬೇಸಿಗೆಯಲ್ಲಿ ಬಂದವರು ವಾಪಸ್ ಹೋಗದೆ ಅಲ್ಲೇ ಕಾಯತೊಡಗಿದರು.

ಆಗಸ್ಟ್ 19ಕ್ಕೆ ಶೊಪ್ರೊನ್ ಊರಿನ ಹತ್ತಿರ ಗಡಿಯಲ್ಲಿ ಒಂದು ಪಿಕ್ನಿಕ್ ಏರ್ಪಾಡಾಗಿತ್ತು. ಎರಡೂ ದೇಶದ ಜನ ಸೇರಲಿ ಅಂತ ಹಳೇ ಮರದ ಗೇಟನ್ನು ಕೆಲವು ಗಂಟೆ ಮಾತ್ರ ತೆರೆಯುವುದು ಅಂತ ಮಾತಾಗಿತ್ತು. ಆದರೆ ಮಕ್ಕಳನ್ನು ಎತ್ತಿಕೊಂಡ ಪೂರ್ವ ಜರ್ಮನ್ನರ ಗುಂಪು ಗೇಟಿನ ಕಡೆಗೆ ನುಗ್ಗಿತು. ಅಲ್ಲಿ ಡ್ಯೂಟಿಯಲ್ಲಿದ್ದ ಅಧಿಕಾರಿ ಆರ್ಪಾದ್ ಬೆಲ್ಲಾ ಜೊತೆ ಇದ್ದದ್ದು ಬೆರಳೆಣಿಕೆಯ ಗಾರ್ಡ್‌ಗಳು. ತಡೆಯುವುದು ಅವರ ಕೆಲಸ. ಅವರು ಗುಂಡು ಹಾರಿಸಲಿಲ್ಲ, ಬದಿಗೆ ಸರಿದರು. ಆ ದಿನ 600ಕ್ಕೂ ಹೆಚ್ಚು ಜನ ಆಸ್ಟ್ರಿಯಾ ಸೇರಿದರು. ಸೆಪ್ಟೆಂಬರ್ 11ಕ್ಕೆ ಹಂಗೇರಿ ಗಡಿಯನ್ನೇ ತೆರೆದುಬಿಟ್ಟಿತು. ಪೂರ್ವ ಜರ್ಮನ್ನರನ್ನು ಪಶ್ಚಿಮಕ್ಕೆ ಹೋಗದಂತೆ ತಡೆದಿದ್ದ ಬರ್ಲಿನ್ ಗೋಡೆ ನಿಂತೇ ಇತ್ತು, ಆದರೆ ಅದನ್ನು ಸುತ್ತಿಕೊಂಡು ಹೋಗುವ ದಾರಿ ಸಿಕ್ಕಿತ್ತು.

ಮಧ್ಯೆ ಆಗಸ್ಟ್ 23. ಹಿಟ್ಲರ್ ಮತ್ತು ಸ್ಟಾಲಿನ್ ಕಡೆಯವರು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಅನ್ನುವ ಬಾಲ್ಟಿಕ್ ನಾಡುಗಳನ್ನು ಗುಟ್ಟಾಗಿ ಹಂಚಿಕೊಂಡ ಒಪ್ಪಂದಕ್ಕೆ ಅಂದು ಸರಿಯಾಗಿ 50 ವರ್ಷ. ಟಾಲಿನ್‌ನಿಂದ ರೀಗಾ ಮೂಲಕ ವಿಲ್ನಿಯಸ್‌ವರೆಗೆ, 600 ಕಿಲೋಮೀಟರ್‌ಗೂ ಹೆಚ್ಚು ದೂರ, ಸುಮಾರು 20 ಲಕ್ಷ ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಆ ಮೂರು ನಾಡುಗಳ ಒಟ್ಟು ಜನಸಂಖ್ಯೆಯೇ ಸುಮಾರು 80 ಲಕ್ಷ. ಮೊಬೈಲ್ ಇಲ್ಲದ ಕಾಲದಲ್ಲಿ ರೇಡಿಯೋ ಕೇಳಿಕೊಂಡು ಅದನ್ನು ಹೊಂದಿಸಿದರು. ಆ ಗುಟ್ಟಿನ ಒಪ್ಪಂದ ಇತ್ತು ಅಂತ ಸೋವಿಯತ್ ಸಂಸತ್ತು ಒಪ್ಪಿಕೊಂಡಿದ್ದು ಅದೇ ಡಿಸೆಂಬರ್‌ನಲ್ಲಿ.

ಅಕ್ಟೋಬರ್ 9, ಲೈಪ್‌ಜಿಗ್. ಪೂರ್ವ ಜರ್ಮನಿಯ ಊರು. ನಿಕೊಲಾಯ್ ಚರ್ಚ್‌ನಲ್ಲಿ ಸೋಮವಾರ ಸಂಜೆ ಪ್ರಾರ್ಥನೆ, ಆಮೇಲೆ ಮೆರವಣಿಗೆ. ವಾರದಿಂದ ವಾರಕ್ಕೆ ಜನ ಹೆಚ್ಚುತ್ತಿದ್ದರು. ಆ ಸೋಮವಾರ ಊರೆಲ್ಲ ಹೆದರಿತ್ತು, ಹೆದರಿಕೆಗೆ ಕಾರಣವೂ ಇತ್ತು. ಬೀಜಿಂಗ್‌ನಲ್ಲಿ ನಡೆದದ್ದನ್ನು ಪೂರ್ವ ಜರ್ಮನಿಯ ಸಂಸತ್ತು ಜೂನ್‌ನಲ್ಲೇ ಬೆಂಬಲಿಸಿತ್ತು. ಪಕ್ಷದ ಎರಡನೇ ಸ್ಥಾನದಲ್ಲಿದ್ದ ಎಗೊನ್ ಕ್ರೆಂಜ್ ಆಗಷ್ಟೇ ಬೀಜಿಂಗ್‌ಗೆ ಹೋಗಿ ಬಂದಿದ್ದರು. "ಚೀನಾ ದಾರಿ" ಅನ್ನುವ ಮಾತು ಎಲ್ಲರ ಬಾಯಲ್ಲಿತ್ತು. ಆಸ್ಪತ್ರೆಗಳಲ್ಲಿ ರಕ್ತ ಮತ್ತು ಹಾಸಿಗೆಗಳನ್ನು ಸಿದ್ಧ ಮಾಡಿಟ್ಟಿದ್ದರು. ಸಾವಿರಾರು ಪೊಲೀಸರು, ಸೈನಿಕರು ಬೀದಿಗಳಲ್ಲಿದ್ದರು.

ಸಂಜೆ ಊರಿನ ಧ್ವನಿವರ್ಧಕಗಳಲ್ಲಿ ಒಂದು ದನಿ ಬಂತು. ಗೆವಾಂಡ್‌ಹೌಸ್ ಸಂಗೀತ ತಂಡದ ನಿರ್ದೇಶಕ ಕುರ್ಟ್ ಮಾಜೂರ್. ಶಾಂತಿಯಿಂದಿರಿ, ಮಾತಾಡಿ ಬಗೆಹರಿಸೋಣ ಅನ್ನುವ ಮನವಿ ಓದಿದರು. ಅದಕ್ಕೆ ಸಹಿ ಹಾಕಿದ ಆರು ಜನರಲ್ಲಿ ಮೂವರು ಅದೇ ಪಕ್ಷದ ಜಿಲ್ಲಾ ಕಾರ್ಯದರ್ಶಿಗಳು! 70,000 ಜನ "ನಾವೇ ಜನ" ಅನ್ನುತ್ತಾ ಊರ ಸುತ್ತಿನ ರಸ್ತೆಗೆ ಇಳಿದರು. ಸ್ಥಳೀಯ ಮುಖ್ಯಸ್ಥರು ಬರ್ಲಿನ್‌ಗೆ ಫೋನ್ ಮಾಡಿದರು. ಏನು ಮಾಡಬೇಕು ಅನ್ನುವುದಕ್ಕೆ ಆಗಲೇ ಉತ್ತರ ಬರಲಿಲ್ಲ. ಕೊನೆಗೆ ಪೊಲೀಸರನ್ನು ಹಿಂದಕ್ಕೆ ಸರಿಸಿದರು. ಕ್ರೆಂಜ್ ವಾಪಸ್ ಫೋನ್ ಮಾಡುವ ಹೊತ್ತಿಗೆ ಮೆರವಣಿಗೆ ಮುಂದೆ ಹೋಗಿಬಿಟ್ಟಿತ್ತು. ಒಂದು ಚರ್ಚಿನ ಗೋಪುರದಲ್ಲಿ ಅಡಗಿ ಕೂತು ಇಬ್ಬರು ತೆಗೆದ ವಿಡಿಯೋ ಗುಟ್ಟಾಗಿ ಪಶ್ಚಿಮ ಬರ್ಲಿನ್ ಸೇರಿತು. ಮರುದಿನ ಟಿವಿಯಲ್ಲಿ ಬಂತು. ಆ ಟಿವಿ ಪೂರ್ವದ ಮನೆಗಳಲ್ಲೂ ಕಾಣುತ್ತಿತ್ತು ಅನ್ನುವುದು ಮರೆಯಬೇಡಿ. ದೇಶದಲ್ಲಿದ್ದ ಮೂರು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರು ತಮ್ಮ ಬ್ಯಾರಕ್ ಬಿಟ್ಟು ಹೊರಬರಲಿಲ್ಲ. ಗೋಡೆ ಬಿದ್ದದ್ದು ನವೆಂಬರ್‌ನಲ್ಲಾದರೂ ಸರ್ಕಾರದ ಕೈ ನಡುಗಿದ್ದು ಈ ಸೋಮವಾರ ಅಂತ ನಾನು ನಂಬುತ್ತೇನೆ.

ಇನ್ನು ನೀವು ಹೇಳಿದ ಗೋಡೆ. ಅದರ ಬಗ್ಗೆ ಹೇಳುವಾಗ ಕ್ರಿಸ್ ಗುಫ್ರಾಯ್ ಹೆಸರು ಬಿಡಬೇಡಿ. 20 ವರ್ಷದ ಹುಡುಗ. 1989ರ ಫೆಬ್ರವರಿ ಮೊದಲ ವಾರ, ರಾತ್ರಿ, ದಾಟಲು ಹೋಗಿ ಗುಂಡೇಟಿಗೆ ಸತ್ತ. ಗಡಿಯಲ್ಲಿ ಈಗ ಗುಂಡು ಹಾರಿಸುವುದಿಲ್ಲ ಅನ್ನುವ ಸುದ್ದಿ ನಂಬಿ ಹೋಗಿದ್ದ. ಗೋಡೆ ದಾಟಲು ಹೋಗಿ ಗುಂಡಿಗೆ ಬಲಿಯಾದ ಕೊನೆಯವನು ಅವನೇ. 1961ರಿಂದ ಲೆಕ್ಕ ಹಾಕಿದರೆ ಆ ಗೋಡೆಗೆ ಕನಿಷ್ಠ 140 ಜೀವ ಹೋಗಿವೆ.

ಒಂಬತ್ತು ತಿಂಗಳ ನಂತರ ಅದೇ ಗೋಡೆ. ನವೆಂಬರ್ 9ರ ಸಂಜೆ ಪಕ್ಷದ ವಕ್ತಾರ ಗುಂಟರ್ ಶಾಬೊವ್ಸ್ಕಿ ಪತ್ರಿಕಾಗೋಷ್ಠಿಯಲ್ಲಿ ಕೂತಿದ್ದರು. ಹೊಸ ಪ್ರಯಾಣ ನಿಯಮದ ಚೀಟಿಯನ್ನು ಕ್ರೆಂಜ್ ಅವರ ಕೈಗೆ ಕೊಟ್ಟಿದ್ದರು. ಆ ನಿಯಮ ಚರ್ಚೆಯಾದಾಗ ಶಾಬೊವ್ಸ್ಕಿ ಅಲ್ಲಿರಲಿಲ್ಲ. ಮರುದಿನ ಬೆಳಗ್ಗೆ ಪ್ರಕಟಿಸಬೇಕು, ಆಮೇಲೆ ಜನ ಸಾಲಿನಲ್ಲಿ ನಿಂತು ಅರ್ಜಿ ಹಾಕಬೇಕು ಅನ್ನುವುದು ಸರ್ಕಾರದ ಲೆಕ್ಕ. ಯಾವಾಗಿನಿಂದ ಜಾರಿ ಅಂತ ಪತ್ರಕರ್ತರು ಕೇಳಿದರು. ಅವರು ಕಾಗದ ತಿರುವಿ ನೋಡಿ, ನನಗೆ ಗೊತ್ತಿರುವ ಮಟ್ಟಿಗೆ ಕೂಡಲೇ, ತಡವಿಲ್ಲದೆ ಅಂದುಬಿಟ್ಟರು.

ಬೋರ್ನ್‌ಹೋಮರ್ ರಸ್ತೆಯ ಗಡಿ ಗೇಟಿನಲ್ಲಿ ಅಧಿಕಾರಿ ಹರಾಲ್ಡ್ ಯೇಗರ್ ಊಟ ಮಾಡುತ್ತಾ ಟಿವಿಯಲ್ಲಿ ಇದನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಜನ ಬಂದರು. ಹತ್ತಿಪ್ಪತ್ತು ಇದ್ದದ್ದು ನೂರಾಯಿತು, ನೂರು ಸಾವಿರಗಳಾಯಿತು. ಯೇಗರ್ ಮೇಲಿನವರಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ಜಾಸ್ತಿ ಗಲಾಟೆ ಮಾಡುವವರನ್ನು ಬಿಟ್ಟುಬಿಡಿ, ಆದರೆ ಅವರ ಗುರುತಿನ ಚೀಟಿಯ ಫೋಟೋ ಮೇಲೆ ಮುದ್ರೆ ಒತ್ತಿ, ವಾಪಸ್ ಬರಕೂಡದು ಅನ್ನುವ ಉತ್ತರ ಬಂತು. ಇದರಿಂದ ಗಲಾಟೆ ಇನ್ನೂ ಹೆಚ್ಚಿತು. ಆ ಕಡೆ ಹೋಗಿ ನೋಡಿ ಬಂದ ಯುವ ದಂಪತಿ ಮನೆಯಲ್ಲಿ ಮಕ್ಕಳು ಮಲಗಿದ್ದಾರೆ, ಒಳಗೆ ಬಿಡಿ ಅಂತ ಬೇಡಿಕೊಂಡರು. ಅವರ ಚೀಟಿಯ ಮೇಲೆ ಮುದ್ರೆ ಬಿದ್ದಾಗಿತ್ತು. ಯೇಗರ್ ಅವರನ್ನು ಒಳಗೆ ಬಿಟ್ಟರು. ರಾತ್ರಿ ಹನ್ನೊಂದೂವರೆಗೆ ಯಾರ ಆರ್ಡರ್ ಇಲ್ಲದೆ ಗೇಟನ್ನೇ ತೆರೆಸಿದರು. ಅವರ ಜನರ ಹತ್ತಿರ ಬಂದೂಕುಗಳಿದ್ದವು ಅನ್ನುವುದನ್ನು ನೆನಪಿಟ್ಟುಕೊಂಡು ಈ ರಾತ್ರಿಯನ್ನು ಓದಿ.

ಆಮೇಲಿನದು ಬಹಳ ಬೇಗ. ಮರುದಿನವೇ ಬಲ್ಗೇರಿಯಾದಲ್ಲಿ 35 ವರ್ಷ ಆಳಿದ್ದ ಝಿವ್ಕೊವ್ ಇಳಿದರು. ನವೆಂಬರ್ 17ಕ್ಕೆ ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ ಪೊಲೀಸರು ವಿದ್ಯಾರ್ಥಿಗಳನ್ನು ಹೊಡೆದರು. ಅದಕ್ಕೆ ಇಡೀ ಊರು ಚೌಕಕ್ಕೆ ಬಂದು ಬೀಗದ ಕೈಗೊಂಚಲು ಅಲ್ಲಾಡಿಸಿತು. ವರ್ಷದ ಮೊದಲ ತಿಂಗಳುಗಳಲ್ಲಿ ಜೈಲಿನಲ್ಲಿದ್ದ ನಾಟಕಕಾರ ವಾಸ್ಲಾವ್ ಹಾವೆಲ್ ಡಿಸೆಂಬರ್ 29ಕ್ಕೆ ರಾಷ್ಟ್ರಪತಿಯಾದರು.

ರೊಮೇನಿಯಾ ಮಾತ್ರ ಹಾಗಾಗಲಿಲ್ಲ. ತಿಮಿಶ್ವಾರಾ ಊರಿನಲ್ಲಿ ಒಬ್ಬ ಪಾದ್ರಿಯನ್ನು ಮನೆಯಿಂದ ಹೊರಹಾಕಲು ಹೋದಾಗ ಜನ ಅಡ್ಡ ನಿಂತರು. ದೇಶವನ್ನು ಆಳುತ್ತಿದ್ದ ಚೌಶೆಸ್ಕು ಗುಂಡು ಹಾರಿಸಲು ಹೇಳಿದರು, ಸೈನ್ಯ ಹಾರಿಸಿತು. ಡಿಸೆಂಬರ್ 21ಕ್ಕೆ ಬುಕಾರೆಸ್ಟ್‌ನಲ್ಲಿ ಬಾಲ್ಕನಿಯಿಂದ ಭಾಷಣ ಮಾಡುವಾಗ ಕೆಳಗಿನ ಜನ ಕೂಗತೊಡಗಿದರು. ನೇರ ಪ್ರಸಾರದಲ್ಲಿ ಅವರ ಮುಖ ಬದಲಾದದ್ದನ್ನು ದೇಶ ನೋಡಿತು. ಮರುದಿನ ರಕ್ಷಣಾ ಮಂತ್ರಿ ಸತ್ತ ಸುದ್ದಿ ಬಂದ ಮೇಲೆ ಸೈನ್ಯ ಪಕ್ಷ ಬದಲಿಸಿತು. ಚೌಶೆಸ್ಕು ಹೆಲಿಕಾಪ್ಟರ್‌ನಲ್ಲಿ ಓಡಿದರು. ಡಿಸೆಂಬರ್ 25ಕ್ಕೆ ಅವಸರದ ವಿಚಾರಣೆ ಮುಗಿಸಿ ಗಂಡ ಹೆಂಡತಿ ಇಬ್ಬರನ್ನೂ ಗುಂಡಿಕ್ಕಿ ಕೊಂದರು. ಒಟ್ಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸತ್ತಿದ್ದು ಚೌಶೆಸ್ಕು ಓಡಿಹೋದ ಮೇಲೆ, ಯಾರು ಯಾರ ಮೇಲೆ ಗುಂಡು ಹಾರಿಸುತ್ತಿದ್ದಾರೆ ಅನ್ನುವುದೇ ತಿಳಿಯದ ಗೊಂದಲದಲ್ಲಿ. ಆ ಸಾವುಗಳಿಗೆ ಇವತ್ತಿಗೂ ನ್ಯಾಯ ಸಿಕ್ಕಿಲ್ಲ ಅನ್ನುವ ನೋವು ಅಲ್ಲಿದೆ.

ಯುರೋಪಿನ ಆಚೆಗಿನದು ಸ್ವಲ್ಪ ಚುಟುಕಾಗಿ. ದಕ್ಷಿಣ ಆಫ್ರಿಕಾದಲ್ಲಿ ಸೆಪ್ಟೆಂಬರ್ 13ಕ್ಕೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮುಂದೆ ನಿಂತು ಕೇಪ್‌ಟೌನ್‌ನಲ್ಲಿ ಸುಮಾರು 30,000 ಜನರ ಮೆರವಣಿಗೆ ನಡೆಸಿದರು. ಆಗಿನ ಹಂಗಾಮಿ ಅಧ್ಯಕ್ಷ ಡಿ ಕ್ಲರ್ಕ್ ಅದನ್ನು ತಡೆಯಲಿಲ್ಲ. ಅಕ್ಟೋಬರ್‌ನಲ್ಲಿ ಮಂಡೇಲಾ ಅವರ ಹೋರಾಟದ ಜೊತೆಗಾರ ವಾಲ್ಟರ್ ಸಿಸುಲು ಜೈಲಿನಿಂದ ಬಿಡುಗಡೆಯಾದರು, ಮುಂದಿನ ಫೆಬ್ರವರಿಗೆ ಮಂಡೇಲಾ. ಚಿಲಿಯಲ್ಲಿ ಮಿಲಿಟರಿ ಸರ್ವಾಧಿಕಾರಿ ಪಿನೊಚೆ ನಂತರದ ಅಧ್ಯಕ್ಷನನ್ನು ಜನ ಮತ ಹಾಕಿ ಆರಿಸಿದರು. ಇರಾನಿನಲ್ಲಿ ಸರ್ವೋಚ್ಚ ನಾಯಕ ಖೊಮೇನಿ ತೀರಿಕೊಂಡರು. ಅಮೆರಿಕ ಡಿಸೆಂಬರ್ 20ಕ್ಕೆ ಪನಾಮಾಕ್ಕೆ ಸೈನ್ಯ ನುಗ್ಗಿಸಿತು, ನೂರಾರು ಜನ ಸತ್ತರು. ಆ ವರ್ಷ ಸ್ವಾತಂತ್ರ್ಯದ ಮಾತಾಡಿದವರೆಲ್ಲ ಇದನ್ನೂ ಜೊತೆಗೆ ಹೇಳಬೇಕು ಅಂತ ನನಗನ್ನಿಸುತ್ತದೆ. ಇನ್ನೊಂದು ಸದ್ದಿಲ್ಲದ ಘಟನೆ: ಮಾರ್ಚ್‌ನಲ್ಲಿ ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ ಮಾಹಿತಿ ಜೋಡಿಸುವ ಒಂದು ಯೋಜನೆ ಬರೆದುಕೊಟ್ಟರು. ಸ್ಪಷ್ಟವಿಲ್ಲ, ಆದರೆ ಉತ್ಸಾಹ ಹುಟ್ಟಿಸುತ್ತದೆ ಅಂತ ಅವರ ಮೇಲಧಿಕಾರಿ ಅದರ ಮೇಲೆ ಬರೆದರು. ವರ್ಲ್ಡ್ ವೈಡ್ ವೆಬ್ ಶುರುವಾಗಿದ್ದು ಆ ಕಾಗದದಿಂದ.

ನಮ್ಮ ಕಡೆಗೂ ಆ ವರ್ಷ ಚಿಕ್ಕದಲ್ಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದ್ದು 1989ರಲ್ಲಿ. ಬೀಜಿಂಗ್‌ನಲ್ಲಿ ವಿದ್ಯಾರ್ಥಿಗಳು ಚೌಕಕ್ಕೆ ಬರತೊಡಗಿದ ಅದೇ ವಾರ, ಏಪ್ರಿಲ್ 21ಕ್ಕೆ, ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ರಾಜ್ಯಪಾಲರು ಅವಕಾಶ ಕೊಡಲಿಲ್ಲ. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಇವತ್ತಿಗೂ ಪ್ರತಿ ರಾಜ್ಯದ ಬಿಕ್ಕಟ್ಟಿನಲ್ಲಿ ಕೇಳಿಬರುತ್ತದೆ. ಬಹುಮತ ಇದೆಯೋ ಇಲ್ಲವೋ ಅನ್ನುವುದು ಗೊತ್ತಾಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ. ನವೆಂಬರ್ ಚುನಾವಣೆಯಲ್ಲಿ ದೆಹಲಿಯಲ್ಲಿ ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡರು, ಕರ್ನಾಟಕದಲ್ಲಿ ಅದೇ ಕಾಂಗ್ರೆಸ್ 224ಕ್ಕೆ 178 ಗೆದ್ದು ವೀರೇಂದ್ರ ಪಾಟೀಲ್ ಮುಖ್ಯಮಂತ್ರಿಯಾದರು. ಅಕ್ಟೋಬರ್‌ನಲ್ಲಿ ದಲೈ ಲಾಮಾ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾಯಿತು. ಬೈಲಕುಪ್ಪೆಯಲ್ಲಿ ಬದುಕು ಕಟ್ಟಿಕೊಂಡಿದ್ದ ಟಿಬೆಟನ್ನರಿಗೆ ಅದು ಎಷ್ಟು ದೊಡ್ಡ ಸುದ್ದಿ ಅಂತ ಯೋಚಿಸಿ. ಅದೇ ಮಾರ್ಚ್‌ನಲ್ಲಿ ಲಾಸಾದಲ್ಲಿ ಮಿಲಿಟರಿ ಕಾನೂನು ಹೇರಿದ್ದರು.

ಸೆಮಿನಾರ್‌ಗೆ ಹತ್ತೇ ನಿಮಿಷ ಸಿಗುವುದಾದರೆ ಇಷ್ಟೆಲ್ಲ ತುರುಕಲು ಹೋಗಬೇಡಿ. ಜೂನ್ 4 ಮತ್ತು ಅಕ್ಟೋಬರ್ 9, ಈ ಎರಡು ದಿನ ಸಾಕು. ಬೋರ್ಡಿನ ಮೇಲೆ ಪೋಲೆಂಡ್‌ನ ರಾಜಧಾನಿ ವಾರ್ಸಾ, ಬೀಜಿಂಗ್, ಲೈಪ್‌ಜಿಗ್ ಅಂತ ಮೂರು ಹೆಸರು ಬರೆಯಿರಿ. ಒಂದೊಂದರ ಕೆಳಗೂ ಆರ್ಡರ್ ಕೊಡಬೇಕಾದವರು ಯಾರು, ಎದುರಿಗೆ ನಿಂತವರು ಯಾರು, ಏನು ಮಾಡಿದರು ಅಂತ ಬರೆಯುತ್ತಾ ಹೋಗಿ. ಬರ್ಲಿನ್ ಗೋಡೆ ಗೊತ್ತಿಲ್ಲದವರು ನಿಮ್ಮ ಕ್ಲಾಸಿನಲ್ಲಿ ಇರಲಿಕ್ಕಿಲ್ಲ. ಪ್ರಶ್ನೆ ಬಂದರೆ ಯೇಗರ್ ಕಥೆ ಹೇಳಿ.